ಬಳಸಿದ ರೆಕಾರ್ಡಿನಲ್ಲಿ ಉಳಿದ ಕಛೇರಿ

ರಾತ್ರಿಯಿಡೀ ನಡೆಯುವ ಯಕ್ಷಗಾನ ಕಲೆಗೆ ಕಿವಿಗೊಟ್ಟು ಬೆಳೆದ ಪ್ರದೇಶಗಳಲ್ಲಿ ಕಾಸರಗೋಡು ಜಿಲ್ಲೆಗೆ ವಿಶೇಷ ಸ್ಥಾನವಿದೆ. ರಾಮಾಯಣದ ಪ್ರಸಂಗಗಳಿಂದ ಹೆಸರಾದ ಪಾರ್ತಿಸುಬ್ಬ ಕುಂಬಳೆಯವನು. ತೆಂಕುತಿಟ್ಟಿನ ಭಾಗವತಿಕೆಯಲ್ಲಿ ತಮ್ಮದೇ ಶೈಲಿಯನ್ನು ನೆಲೆಗೊಳಿಸಿದ ಬಲಿಪ ನಾರಾಯಣ ಭಾಗವತರು (1938–2023) ಪಡ್ರೆಯಲ್ಲಿ ಹುಟ್ಟಿದವರು. ತಾಳಮದ್ದಳೆಯ ಅರ್ಥಗಾರಿಕೆಯನ್ನು ಎತ್ತರಕ್ಕೇರಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರೂ (1918–2006) ಇದೇ ನೆಲದವರು. ಇಂತಹ ಕಲೆಯನ್ನು ಧ್ವನಿಮುದ್ರಿಸಲು ಹೊರಟಾಗ ಏಳುವ ಮೊದಲ ಪ್ರಶ್ನೆ ಗುಣಮಟ್ಟದ್ದಲ್ಲ, ಅಳತೆಯದ್ದು: ಬೆಳಗಿನ ತನಕ ಹರಿಯುವ ಆಟವನ್ನು ನಿಮಿಷಗಳ ಲೆಕ್ಕದ ತಟ್ಟೆಗೋ ಟೇಪಿಗೋ ಇಳಿಸುವುದು ಹೇಗೆ? 1970ರ ದಶಕದಲ್ಲಿ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ತಂಡಗಳು ತಮ್ಮ ಕಛೇರಿಗಳನ್ನು ರೆಕಾರ್ಡುಗಳಾಗಿ ಹೊರತರುವಾಗ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಅವು ಕಂಡುಕೊಂಡ ಉತ್ತರಗಳು ಇಂದು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಸಿಗುವ, ನಾಲ್ಕಾರು ಕೈ ದಾಟಿ ಬಂದ ವಿನೈಲ್ ತಟ್ಟೆಗಳ ಮೇಲೆ ಕಣ್ಣಿಗೇ ಕಾಣುವಂತಿವೆ.

ಪ್ರೋಗ್ರೆಸಿವ್ ರಾಕ್ ಎಂಬುದು 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಸಂಗೀತ ಪ್ರಕಾರ. ಮೂರು ನಿಮಿಷಗಳ ಪ್ರೇಮಗೀತೆಯ ಚೌಕಟ್ಟನ್ನು ಬಿಟ್ಟು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೀರ್ಘ ರಚನೆಗಳನ್ನೂ ಜಾಝ್‌ನ ಮನೋಧರ್ಮವನ್ನೂ ಗಿಟಾರು, ಆರ್ಗನ್, ಸಿಂಥಸೈಸರುಗಳ ಗದ್ದಲದೊಂದಿಗೆ ಬೆಸೆದ ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್, ಎಮರ್ಸನ್ ಲೇಕ್ ಆ್ಯಂಡ್ ಪಾಮರ್ ಮೊದಲಾದ ತಂಡಗಳು ಇದರ ಮುಂಚೂಣಿಯಲ್ಲಿದ್ದವು. ಒಂದೇ ರಚನೆ ಇಪ್ಪತ್ತು ನಿಮಿಷಗಳವರೆಗೆ ಬೆಳೆಯುವುದು, ಅದರೊಳಗೆ ಬೇರೆ ಬೇರೆ ಭಾವಗಳ ಖಂಡಗಳಿರುವುದು, ಪಿಸುಮಾತಿನಷ್ಟು ಮೆಲುವಾದ ಗಿಟಾರಿನಿಂದ ಸಭಾಂಗಣವನ್ನೇ ನಡುಗಿಸುವ ಅಬ್ಬರಕ್ಕೆ ಏರುವುದು ಈ ಪ್ರಕಾರದ ಲಕ್ಷಣ. ಆಡಂಬರ ಹೆಚ್ಚಾಯಿತೆಂಬ ಟೀಕೆಯೂ ಆಗಲೇ ಕೇಳಿಬಂದಿತ್ತು, ಅದರಲ್ಲಿ ಹುರುಳಿಲ್ಲದಿಲ್ಲ.

ಇದರ ಲಯವಿನ್ಯಾಸ ಮಾತ್ರ ಚೆಂಡೆ–ಮದ್ದಳೆಗೆ ಒಗ್ಗಿದ ಕಿವಿಗೆ ತೀರ ಅಪರಿಚಿತವೆನಿಸದು. ಸಾಮಾನ್ಯ ರಾಕ್ ಸಂಗೀತ ನಾಲ್ಕು ಎಣಿಕೆಯ ಆವರ್ತವನ್ನು ಬಿಟ್ಟು ಕದಲುವುದು ಅಪರೂಪ. ಪ್ರೋಗ್ರೆಸಿವ್ ತಂಡಗಳಾದರೋ ಐದು, ಏಳು, ಒಂಬತ್ತು ಎಣಿಕೆಗಳಲ್ಲಿ ಆಡುವುದನ್ನೇ ತಮ್ಮ ಗುರುತಾಗಿಸಿಕೊಂಡವು. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ (1973) ಎಂಬ ಪ್ರಸಿದ್ಧ ಹಾಡು ಏಳು ಎಣಿಕೆಯದ್ದಾದ್ದರಿಂದ, ಏಳಕ್ಷರದ ತ್ರಿವುಡೆಯನ್ನು ಬಲ್ಲವನು ಅದಕ್ಕೆ ತಪ್ಪದೆ ಕೈತಾಳ ಹಾಕಬಲ್ಲ. ಜೆನೆಸಿಸ್ ತಂಡದ ‘ಸಪ್ಪರ್ಸ್ ರೆಡಿ’ (1972) ಎಂಬ ದೀರ್ಘ ರಚನೆಯ ಕೊನೆಗೆ ಬರುವ ಒಂದು ಖಂಡ ಒಂಬತ್ತು ಎಣಿಕೆಯದು; ಮೂರು, ಎರಡು, ನಾಲ್ಕು ಎಂದು ಒಡೆದ ಆ ಆವರ್ತ ಬಿಡದೆ ಸುತ್ತುತ್ತಿರುವಾಗ ಅದರ ಮೇಲೆ ಆರ್ಗನ್ ತನ್ನ ಪಾಡಿಗೆ ತಾನು ವಿಹರಿಸುತ್ತದೆ. ಅಷ್ಟತಾಳದ ಹದಿನಾಲ್ಕನ್ನೂ ಝಂಪೆಯ ಹತ್ತನ್ನೂ ಲೀಲಾಜಾಲವಾಗಿ ನಡೆಸುವ ಹಿಮ್ಮೇಳದವರಿಗೆ ಈ ಲೆಕ್ಕಾಚಾರ ದೊಡ್ಡದಲ್ಲ ಎಂದರೆ ಅತಿಶಯೋಕ್ತಿಯಾಗದು.

ಇನ್ನು ತಟ್ಟೆಯ ವಿಚಾರ. 20ನೆಯ ಶತಮಾನದ ಪೂರ್ವಾರ್ಧದ ಗ್ರಾಮಫೋನ್ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಹತ್ತು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ. ಇವುಗಳ ಮುಖ್ಯ ಘಟಕವಾದ ಶೆಲ್ಯಾಕ್ ಎಂಬುದು ಭಾರತದಿಂದ ಹೇರಳವಾಗಿ ರಫ್ತಾಗುತ್ತಿದ್ದ ಅರಗು. ಪಾಂಡವರಿಗಾಗಿ ಕಟ್ಟಿಸಿದ ಮನೆಯ ಕಥೆಯಿಂದ ಎಲ್ಲರಿಗೂ ಗೊತ್ತಿರುವ ಅದೇ ವಸ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಂದಿನಿಂದ ಮುಂದಿನ ನಾಲ್ಕೈದು ದಶಕಗಳ ಕಾಲ, ಖಯಾಲ್ ಆಗಲಿ, ಕೃತಿಯಾಗಲಿ, ಕನ್ನಡ ನಾಟಕ ಕಂಪನಿಗಳ ರಂಗಗೀತೆಯಾಗಲಿ ಎಲ್ಲವೂ ಈ ಮೂರು ನಿಮಿಷಗಳಿಗೆ ಮೈ ಮುದುಡಿಕೊಳ್ಳಬೇಕಾಯಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ ಎಲ್‌ಪಿ, ಅಂದರೆ ದೀರ್ಘಾವಧಿಯ ತಟ್ಟೆ, ಈ ಬಿಗಿಯನ್ನು ಸಡಿಲಿಸಿತು. ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಹನ್ನೆರಡು ಇಂಚಿನ ಈ ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತದೆ. ಅದರ ಗೀರು ಹಿಂದಿನದಕ್ಕಿಂತ ಬಹಳ ಸೂಕ್ಷ್ಮವಾದ್ದರಿಂದ ಒಂದು ಬದಿಯಲ್ಲಿ ಇಪ್ಪತ್ತೆರಡು ನಿಮಿಷಗಳ ಆಸುಪಾಸಿನ ಸಂಗೀತ ನೆಮ್ಮದಿಯಾಗಿ ಹಿಡಿಯುತ್ತದೆ. ಪ್ರೋಗ್ರೆಸಿವ್ ರಾಕ್‌ನ ದೀರ್ಘ ರಚನೆಗಳು ಇಪ್ಪತ್ತರ ಆಚೀಚೆ ಬಂದು ನಿಂತದ್ದು ಕಾಕತಾಳೀಯವಲ್ಲ. ತಟ್ಟೆಯ ಅಳತೆಯೇ ರಚನೆಯ ಅಳತೆಯಾಯಿತು.

ಭಾರತದಲ್ಲಿ ಇಂತಹ ತಟ್ಟೆಗಳು ಕಲ್ಕತ್ತೆಯ ದಮ್ ದಮ್‌ನಲ್ಲಿದ್ದ ಗ್ರಾಮಫೋನ್ ಕಂಪನಿಯ ಕಾರ್ಖಾನೆಯಲ್ಲಿ ಅಚ್ಚಾಗುತ್ತಿದ್ದವು. ಪಿಂಕ್ ಫ್ಲಾಯ್ಡ್‌ನ ಮುದ್ರಿಕೆಗಳೂ ಅಲ್ಲಿ ಅಚ್ಚಾಗಿ ಮಾರಾಟವಾದವು. ಈ ಸಂಗೀತದ ಶ್ರೋತೃವರ್ಗ ಇಲ್ಲಿ ದೊಡ್ಡದಲ್ಲದಿದ್ದರೂ ಪಟ್ಟು ಬಿಡದಂಥದು. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ನೀಡಿದ್ದನ್ನು ಆ ನಗರದ ರಾಕ್ ಪ್ರಿಯರು ಇಂದಿಗೂ ನೆನೆಯುತ್ತಾರೆ. ಕೇರಳದ ಕೊಚ್ಚಿಯಲ್ಲೇ ಮದರ್‌ಜೇನ್ ಎಂಬ ತಂಡ, ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸುತ್ತ, ಈ ಪ್ರಕಾರಕ್ಕೆ ಮಲೆಯಾಳದ ನೆಲದ ಬಣ್ಣ ಕೊಟ್ಟಿತು. ಅದರ ‘ಮಕ್ತೂಬ್’ ಸಂಪುಟ ಹೊರಬಂದದ್ದು 2008ರಲ್ಲಿ.

ಕಛೇರಿಯ ಮುದ್ರಿಕೆಗೆ, ಅಂದರೆ ಲೈವ್ ಆಲ್ಬಮ್ಮಿಗೆ ಬಂದಾಗ ಅಳತೆಯ ಇಕ್ಕಟ್ಟು ಇನ್ನೂ ಬಿಗಿಯಾಗುತ್ತದೆ. ಸ್ಟುಡಿಯೋದಲ್ಲಿ ತಟ್ಟೆಯ ಲೆಕ್ಕ ಹಿಡಿದೇ ರಚಿಸಬಹುದು. ವೇದಿಕೆಯಲ್ಲಿ ಸಮಯ ಕಲಾವಿದರ ಕೈಯಲ್ಲಿರುತ್ತದೆ, ಚಪ್ಪಾಳೆಗೂ ಅದರದೇ ಪಾಲು ಬೇಕು. ಯೆಸ್ ತಂಡ 1973ರಲ್ಲಿ ‘ಯೆಸ್‌ಸಾಂಗ್ಸ್’ ಎಂಬ ಮೂರು ತಟ್ಟೆಗಳ ಸಂಪುಟವನ್ನೇ ಹೊರತಂದಿತು. ರೋಜರ್ ಡೀನ್ ಬಿಡಿಸಿದ ಚಿತ್ರಗಳಿರುವ ಅದರ ಹೊದಿಕೆ ತೆರೆದರೆ ಗೋಡೆಚಿತ್ರದಂತೆ ಅಗಲವಾಗುತ್ತದೆ. ಎಮರ್ಸನ್ ಲೇಕ್ ಆ್ಯಂಡ್ ಪಾಮರ್ ತಂಡದ 1974ರ ಕಛೇರಿ ಸಂಪುಟವೂ ಮೂರು ತಟ್ಟೆಗಳದ್ದೇ. ಅದರಲ್ಲಿರುವ ‘ಕಾರ್ನ್ ಈವಿಲ್ 9’ ಎಂಬ ರಚನೆ ಅರ್ಧ ಗಂಟೆಗೂ ಮೀರಿದ್ದಾದ್ದರಿಂದ ಒಂದು ಬದಿಯಲ್ಲಿ ಹಿಡಿಯಲಿಲ್ಲ. ಅದನ್ನು ನಡುವೆ ಕಡಿದು ಐದನೆಯ ಮತ್ತು ಆರನೆಯ ಬದಿಗಳಿಗೆ ಹಂಚಬೇಕಾಯಿತು. ವೇದಿಕೆಯಲ್ಲಿ ಒಂದೇ ಉಸಿರಿನಲ್ಲಿ ನಡೆದದ್ದು ಮನೆಯಲ್ಲಿ ಕೇಳುವವನಿಗೆ ಎದ್ದು ಹೋಗಿ ತಟ್ಟೆ ಮಗುಚುವ ಕೆಲಸವಾಗಿ ಒದಗಿತು.

ಈ ಇಕ್ಕಟ್ಟನ್ನು ಹತ್ತಿರದಿಂದ ನೋಡಲು ಜೆನೆಸಿಸ್ ತಂಡದ ‘ಸೆಕೆಂಡ್ಸ್ ಔಟ್’ (1977) ಬಹಳ ಒಳ್ಳೆಯ ಉದಾಹರಣೆ. ಅದರ ಬಹುಭಾಗ 1977ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಕಛೇರಿಗಳಲ್ಲಿ ಧ್ವನಿಮುದ್ರಣಗೊಂಡಿತು. ಮೊದಲ ಗಾಯಕ ಪೀಟರ್ ಗೇಬ್ರಿಯೆಲ್ 1975ರಲ್ಲಿ ತಂಡ ಬಿಟ್ಟಿದ್ದರಿಂದ ಡ್ರಮ್ ವಾದಕ ಫಿಲ್ ಕಾಲಿನ್ಸ್ ಹಾಡುಗಾರನಾಗಿ ಮುಂದೆ ಬಂದಿದ್ದನು. ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಈ ಸಂಪುಟದ ಧ್ವನಿಮಿಶ್ರಣ ನಡೆಯುತ್ತಿರುವಾಗಲೇ ಹೊರನಡೆದನು. ಹೀಗಾಗಿ ಒಂದು ತಂಡದ ಒಂದು ಅವಸ್ಥೆಯ ಕೊನೆಯ ದಾಖಲೆ ಇದು. ಎರಡು ತಟ್ಟೆಗಳ ಈ ಸಂಪುಟದಲ್ಲಿ ‘ದ ಮ್ಯೂಸಿಕಲ್ ಬಾಕ್ಸ್’ ಎಂಬ ಹಳೆಯ ರಚನೆಯ ಕೊನೆಯ ಭಾಗಕ್ಕಷ್ಟೇ ಜಾಗ ಸಿಕ್ಕಿದೆ. ‘ಸಪ್ಪರ್ಸ್ ರೆಡಿ’ ಮಾತ್ರ ಪೂರ್ಣವಾಗಿದ್ದು, ಇಪ್ಪತ್ನಾಲ್ಕು ನಿಮಿಷಗಳನ್ನು ಮೀರಿ ಮೂರನೆಯ ಬದಿಯನ್ನು ಒಂದೇ ಆಗಿ ಆಕ್ರಮಿಸಿದೆ.

ಇಪ್ಪತ್ನಾಲ್ಕು ನಿಮಿಷಗಳನ್ನು ಒಂದು ಬದಿಗೆ ತುಂಬುವುದರ ಬೆಲೆ ಏನೆಂಬುದನ್ನು ತಿಳಿಯಲು ಗೀರಿನ ರಚನೆಯನ್ನು ಗಮನಿಸಬೇಕು. ಎಲ್‌ಪಿಯ ಒಂದು ಬದಿಯಲ್ಲಿರುವುದು ಹೊರ ಅಂಚಿನಿಂದ ನಡುವಿನ ಲೇಬಲ್ಲಿನತ್ತ ಸುರುಳಿ ಸುತ್ತುತ್ತ ಸಾಗುವ ಒಂದೇ ಒಂದು ಗೀರು. ಬಿಚ್ಚಿ ನೇರವಾಗಿ ಹಾಸಲು ಸಾಧ್ಯವಿದ್ದರೆ ಅದು ಅರ್ಧ ಕಿಲೋಮೀಟರಿನಷ್ಟು ಉದ್ದವಾದೀತು. ಇಂಗ್ಲಿಷಿನ ವಿ ಅಕ್ಷರದ ಆಕಾರದ ಈ ಗೀರಿನ ಎರಡು ಗೋಡೆಗಳಲ್ಲಿ ಸ್ಟೀರಿಯೋ ಧ್ವನಿಯ ಎಡ ಮತ್ತು ಬಲ ಪಾಲುಗಳು ಅಂಕುಡೊಂಕುಗಳಾಗಿ ಕೊರೆಯಲ್ಪಟ್ಟಿರುತ್ತವೆ. ವಜ್ರದ ತುದಿಯ ಮುಳ್ಳು ಆ ಅಂಕುಡೊಂಕಿನಲ್ಲಿ ಅಲುಗಿದಂತೆ ಧ್ವನಿ ಹುಟ್ಟುತ್ತದೆ. ಧ್ವನಿ ದೊಡ್ಡದಾದಷ್ಟೂ ಗೀರಿಗೆ ಹೆಚ್ಚು ಅಗಲ ಬೇಕು. ಹೆಚ್ಚು ನಿಮಿಷ ತುಂಬಬೇಕಾದರೆ ಧ್ವನಿಯ ಮಟ್ಟವನ್ನು ತಗ್ಗಿಸಿ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಆಗ ಧೂಳಿನ ಚಟಪಟ ಸದ್ದು ಸಂಗೀತಕ್ಕೆ ಹೋಲಿಸಿದರೆ ಎದ್ದು ಕೇಳುತ್ತದೆ. ಇನ್ನೊಂದು ತೊಡಕು ವೇಗದ್ದು. ತಟ್ಟೆ ಒಂದೇ ಗತಿಯಲ್ಲಿ ತಿರುಗಿದರೂ, ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋದರೆ, ಒಳಸುತ್ತುಗಳಲ್ಲಿ ಅದು 20 ಸೆಂಟಿಮೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟೇ ಹೊತ್ತಿನ ಧ್ವನಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕುಗ್ಗಿ ಕೂರುವುದರಿಂದ ಅಲ್ಲಿ ತಾರಸ್ವರಗಳು ಒಡೆದು ಕೇಳುತ್ತವೆ. ‘ಸಪ್ಪರ್ಸ್ ರೆಡಿ’ಯ ಆರಂಭದ ಮೆಲುವಾದ ತಂತಿನಾದ ವಿಶಾಲವಾದ ಹೊರಸುತ್ತುಗಳಲ್ಲಿದ್ದರೆ, ಒಂಬತ್ತು ಎಣಿಕೆಯ ಆ ಖಂಡವೂ ಅದರ ಬೆನ್ನಿಗೆ ಬರುವ ಪೂರ್ಣ ಅಬ್ಬರದ ಮುಕ್ತಾಯವೂ ಇಕ್ಕಟ್ಟಾದ ಒಳಸುತ್ತುಗಳಲ್ಲಿವೆ. ಸಂಗೀತಕ್ಕೆ ಎಲ್ಲಿ ಹೆಚ್ಚು ಜಾಗ ಬೇಕೋ ಅಲ್ಲೇ ತಟ್ಟೆ ಕಡಿಮೆ ಜಾಗ ಕೊಡುತ್ತದೆ.

ಬಳಸಿದ ತಟ್ಟೆಯನ್ನು ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಈ ಕಾರಣಕ್ಕಾಗಿಯೇ ಒಳಸುತ್ತುಗಳನ್ನು. ಅಂಚನ್ನೂ ಲೇಬಲ್ಲನ್ನೂ ಮಾತ್ರ ಮುಟ್ಟಿ ಹಿಡಿದು, ಕಿಟಕಿಯ ಬೆಳಕಿಗೆ ಓರೆಯಾಗಿ ವಾಲಿಸಿದರೆ ಮುದ್ರಣದ ನಕ್ಷೆಯೇ ಕಾಣುತ್ತದೆ: ಮೆಲುದನಿಯ ಭಾಗಗಳು ಕಪ್ಪಗೆ ನುಣುಪಾಗಿಯೂ ಅಬ್ಬರದ ಭಾಗಗಳು ತುಸು ಬಿಳಿಚಿ ಮಿನುಗುವಂತೆಯೂ ತೋರುತ್ತವೆ. ಮಿನುಗು ಹೋಗಿ ಬೂದುಬಣ್ಣ ತಿರುಗಿದ್ದರೆ ಗೀರಿನ ಗೋಡೆಗಳು ಸವೆದಿವೆ ಎಂದರ್ಥ. ಯಾವ ತೊಳೆತದಿಂದಲೂ ಅದು ಸರಿಯಾಗದು. ಭಾರತದ ಮನೆಗಳಲ್ಲಿ 1970ರ ದಶಕದಲ್ಲಿ ಬಳಕೆಯಲ್ಲಿದ್ದ ಎಚ್.ಎಂ.ವಿ. ಫಿಯೆಸ್ಟಾದಂತಹ ಪೆಟ್ಟಿಗೆ ಪ್ಲೇಯರುಗಳ ಮುಳ್ಳಿನ ಭಾರ ಇಂದಿನ ಉತ್ತಮ ಪ್ಲೇಯರುಗಳ ಒಂದೂವರೆ–ಎರಡು ಗ್ರಾಮಿಗಿಂತ ಎಷ್ಟೋ ಹೆಚ್ಚಾಗಿದ್ದುದರಿಂದ ಇಂತಹ ಸವೆತ ಇಲ್ಲಿ ಸಾಮಾನ್ಯ. ನಡುವಿನ ರಂಧ್ರದ ಸುತ್ತ ಲೇಬಲ್ಲಿನ ಮೇಲಿರುವ ಸಣ್ಣ ಗೆರೆಗಳು ತಟ್ಟೆಯನ್ನು ಎಷ್ಟು ಸಲ ಕೂರಿಸಿ ಎತ್ತಲಾಗಿದೆ ಎಂಬುದಕ್ಕೆ ಸಾಕ್ಷಿ. ಮಾರುವವನು ಒಮ್ಮೆಯೂ ಬಾರಿಸಿಲ್ಲ ಎಂದರೂ ಆ ಗೆರೆಗಳು ಸುಳ್ಳಾಡವು.

ಅಡ್ಡಗೀಚು ಬಿದ್ದ ತಟ್ಟೆಯ ಕಥೆ ಬೇರೆ. ತಟ್ಟೆ ಒಂದು ಸುತ್ತು ತಿರುಗಲು 1.8 ಸೆಕೆಂಡು ಬೇಕಾದ್ದರಿಂದ, ಗೀಚು ಹಾದುಹೋದ ಪ್ರತಿ ಸುತ್ತಿನಲ್ಲೂ 1.8 ಸೆಕೆಂಡಿಗೊಮ್ಮೆ ‘ಟಕ್’ ಎಂಬ ಪೆಟ್ಟು ಕೇಳುತ್ತದೆ. ಒಂಬತ್ತು ಎಣಿಕೆಯ ಆವರ್ತದ ಮೇಲೆ ತನ್ನದೇ ಲಯದಲ್ಲಿ ಬೀಳುವ ಈ ಪೆಟ್ಟು, ತಾಳ ತಪ್ಪಿದ ಮದ್ದಳೆಗಾರನ ಕೈಯಂತೆ, ಒಮ್ಮೆ ಕಿವಿಗೆ ಬಿತ್ತೆಂದರೆ ಮತ್ತೆ ಮರೆಯಗೊಡುವುದಿಲ್ಲ. ಉಗುರಿಗೆ ತಗಲುವ ಗೀಚಾದರೆ ಮುಳ್ಳಿಗೂ ತಗಲುತ್ತದೆ. ಕಛೇರಿಯ ಮುದ್ರಿಕೆಯಲ್ಲಿ ಚಪ್ಪಾಳೆಯ ಸದ್ದು ಸಣ್ಣಪುಟ್ಟ ಚಟಪಟವನ್ನು ನುಂಗಿಕೊಳ್ಳುವುದರಿಂದ, ಅಂಗಡಿಯಲ್ಲಿ ಬಾರಿಸಿ ನೋಡುವವರು ಚಪ್ಪಾಳೆಯ ಹತ್ತಿರ ಮುಳ್ಳು ಇಳಿಸದೆ ಅತ್ಯಂತ ಮೆಲುವಾದ ಭಾಗವನ್ನೇ ಹುಡುಕಿ ಕೇಳುವುದು ಜಾಣತನ. ಲೇಬಲ್ಲಿನ ಸುತ್ತಲಿನ ಖಾಲಿ ಜಾಗದಲ್ಲಿ ಕೈಯಿಂದ ಕೊರೆದ ಅಂಕಿ–ಅಕ್ಷರಗಳಿಂದ ಅದು ಯಾವ ಅಚ್ಚಿನ ಪ್ರತಿಯೆಂದು ತಿಳಿಯುತ್ತದೆ. ಸಂಗ್ರಾಹಕರು ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್ ಎಂದು ದರ್ಜೆ ಕಟ್ಟುತ್ತಾರಾದರೂ ದರ್ಜೆ ಕೊಡುವವನೇ ಮಾರುವವನೂ ಆಗಿರುವಾಗ ತನ್ನ ಕಣ್ಣು–ಕಿವಿಯನ್ನು ನಂಬುವುದೇ ಮೇಲು.

ತಟ್ಟೆಯ ಸ್ಥಿತಿ ಚೆನ್ನಾಗಿದ್ದ ಮಾತ್ರಕ್ಕೆ ಅದರಲ್ಲಿರುವುದು ಕಛೇರಿಯ ಯಥಾವತ್ ಪ್ರತಿಯೆಂದು ತಿಳಿಯಬೇಕಾಗಿಲ್ಲ. ಹಲವು ರಾತ್ರಿಗಳ ಮುದ್ರಣದಿಂದ ಆಯ್ದು ಜೋಡಿಸುವುದು, ತಪ್ಪಿದ ಸ್ವರವನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಸೇರಿಸುವುದು ರಾಕ್ ಜಗತ್ತಿನಲ್ಲಿ ಬಹಿರಂಗ ಗುಟ್ಟು. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಕಿಂಗ್ ಕ್ರಿಮ್ಸನ್ ತಂಡದ ‘ಅರ್ತ್‌ಬೌಂಡ್’ (1972). ಅಮೆರಿಕದ ಪ್ರವಾಸದಲ್ಲಿ ಸಾಧಾರಣ ಕ್ಯಾಸೆಟ್ ರೆಕಾರ್ಡರಿಗೆ ಹಿಡಿದ ಈ ಮುದ್ರಣದ ಧ್ವನಿ ಎಷ್ಟು ಒರಟಾಗಿತ್ತೆಂದರೆ, ಅಮೆರಿಕದಲ್ಲಿ ಅದನ್ನು ಹೊರತರಲು ಕಂಪನಿ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಅಗ್ಗದ ಬೆಲೆಯ ಶ್ರೇಣಿಯಲ್ಲಿ ಅದು ಮಾರಾಟಕ್ಕೆ ಬಂತು. ಆದರೂ ಇಂದಿಗೂ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ, ಏಕೆಂದರೆ ಮುಂದೆಂದೂ ಒಂದಾಗದೆ ಚದುರಿದ ನಾಲ್ವರು ಆ ರಾತ್ರಿಗಳಲ್ಲಿ ಹೇಗೆ ನುಡಿಸಿದರೆಂಬುದಕ್ಕೆ ಅಂದು ಹೊರಬಂದ ದಾಖಲೆ ಅದೊಂದೇ. ಧ್ವನಿ ಶುದ್ಧವಾಗಿರುವುದು ಬೇರೆ, ದಾಖಲೆ ಅಮೂಲ್ಯವಾಗಿರುವುದು ಬೇರೆ.

ಕಾಸರಗೋಡಿನ ಮನೆಗಳಲ್ಲಿ ‘ಅರ್ತ್‌ಬೌಂಡ್’ ತಟ್ಟೆ ಸಿಗುವುದು ಕಷ್ಟ. ಆದರೆ ಅದೇ ಜಾತಿಯ ದಾಖಲೆಗಳು ಅಲ್ಲಿ ಹೇರಳವಾಗಿವೆ. ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ತಂದ ಟೂ–ಇನ್–ಒನ್‌ಗಳು, ಅಂದರೆ ರೇಡಿಯೋ ಮತ್ತು ಕ್ಯಾಸೆಟ್ ರೆಕಾರ್ಡರು ಕೂಡಿದ ಪೆಟ್ಟಿಗೆಗಳು, 1980ರ ದಶಕದ ಹೊತ್ತಿಗೆ ಹಳ್ಳಿಹಳ್ಳಿಗೂ ಮುಟ್ಟಿದ್ದವು. ತಾಳಮದ್ದಳೆ ಕೂಟದ ಬದಿಯಲ್ಲೋ ಆಟದ ಚೌಕಿಯ ಪಕ್ಕದಲ್ಲೋ ಅದನ್ನಿಟ್ಟು ಶೇಣಿಯವರ ಅರ್ಥವನ್ನೂ ಬಲಿಪರ ಏರುಶ್ರುತಿಯ ಪದಗಳನ್ನೂ ಹಿಡಿದಿಟ್ಟ ಅಭಿಮಾನಿಗಳು ಯಾವ ಕಂಪನಿಯ ಅಪ್ಪಣೆಗೂ ಕಾಯಲಿಲ್ಲ. ಸ್ವತಃ ಹಾಡುಗಾರರಾಗಿದ್ದ ಕೇಶವಾನಂದ ಭಾರತೀ ಸ್ವಾಮೀಜಿಯವರ (1940–2020) ಎಡನೀರು ಮಠದಂತಹ ಕೇಂದ್ರಗಳು ಕೂಟಗಳಿಗೆ ಆಶ್ರಯ ನೀಡಿದ್ದರಿಂದ ಹಿಡಿದಿಡಲು ಸರಕಿಗೂ ಕೊರತೆಯಿರಲಿಲ್ಲ. ಇಲ್ಲಿಯೂ ಕಾಡಿದ್ದು ಅಳತೆಯೇ. ತೊಂಬತ್ತು ನಿಮಿಷಗಳ ಕ್ಯಾಸೆಟ್ಟಿನ ಒಂದು ಬದಿ ನಲವತ್ತೈದು ನಿಮಿಷಕ್ಕೆ ಮುಗಿಯುತ್ತದೆ; ಮಗುಚಿ ಹಾಕುವಷ್ಟರಲ್ಲಿ ಅರ್ಥಧಾರಿಯ ವಾದದ ತಿರುಳಿನ ಮಾತೇ ಕಳೆದುಹೋದೀತು. ಐದು ರಾತ್ರಿಗಳಲ್ಲಿ ಆಡುವಂತೆ ದೇವಿಮಹಾತ್ಮೆಯ ಪ್ರಸಂಗವನ್ನು ರಚಿಸಿದ ಬಲಿಪರ ಕಲ್ಪನೆಯ ಮುಂದೆ ಮೂರು ತಟ್ಟೆಗಳ ‘ಯೆಸ್‌ಸಾಂಗ್ಸ್’ ಕಾಲಮಿತಿಯ ಪ್ರಯೋಗದಂತೆ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ತಟ್ಟೆಯಾಗಲಿ ಟೇಪಾಗಲಿ, ಈ ಜಿಲ್ಲೆಯಲ್ಲಿ ಅವುಗಳ ಮೊದಲ ಶತ್ರು ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವಲ್ಲಿ ವಿನೈಲ್ ತಾನಾಗಿ ಹಾಳಾಗದಿದ್ದರೂ, ಅದರ ಮೇಲಿನ ಧೂಳು ಮತ್ತು ಬೆರಳಿನ ಜಿಡ್ಡಿನಲ್ಲಿ ಬೂಷ್ಟು ಬೆಳೆಯುತ್ತದೆ. ರಟ್ಟಿನ ಹೊದಿಕೆ ಗೆದ್ದಲಿಗೂ ಬೆಳ್ಳಿಮೀನಿನ ಹುಳಕ್ಕೂ ಆಹಾರವಾಗುತ್ತದೆ. ಹೆಂಚಿನ ಮಾಡಿನಡಿಯ ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಟ್ಟರೆ ಬೇಸಿಗೆಯ ಬಿಸಿಗೆ ತಟ್ಟೆಗಳು ಡೊಂಕಾಗುತ್ತವೆ. ಆದ್ದರಿಂದ ಗೋಡೆಗೆ ತಾಗದ ಕಪಾಟಿನಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು. ವಿನೈಲನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮೆದು ಬಟ್ಟೆಯದ್ದಿ ಗೀರಿನ ದಿಕ್ಕಿನಲ್ಲೇ ಒರೆಸಬಹುದು. ಅಜ್ಜನ ಕಾಲದ 78ರ ತಟ್ಟೆಗೆ ಮಾತ್ರ ಸ್ಪಿರಿಟ್ ಎಂದಿಗೂ ಸೋಕಬಾರದು. ಅರಗು ಅದರಲ್ಲಿ ಕರಗಿ ತಟ್ಟೆಯೇ ಹೋಗುತ್ತದೆ. ಬಿಳಿಯ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಬಾರಿಸಿದರೆ ಟೇಪಿನ ಜೊತೆಗೆ ಯಂತ್ರವೂ ಕೆಡುವುದರಿಂದ, ಮೊದಲು ಶುಚಿಗೊಳಿಸಿ, ಆಮೇಲೆ ಒಮ್ಮೆಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಳ್ಳೆಯದು.

ರಾಕ್ ತಟ್ಟೆಯ ಹೊದಿಕೆಯಲ್ಲಿ ಊರು, ಸಭಾಂಗಣ, ವರ್ಷ, ವಾದಕರ ಹೆಸರು ಎಲ್ಲವೂ ಅಚ್ಚಾಗಿರುತ್ತವೆ. ಮನೆಯ ಕ್ಯಾಸೆಟ್ಟಿನ ಮೇಲೆ ಎಷ್ಟೋ ಸಲ ಪೆನ್ಸಿಲಿನಲ್ಲಿ ಬರೆದ ಪ್ರಸಂಗದ ಹೆಸರಿನ ಹೊರತು ಬೇರೇನೂ ಇರುವುದಿಲ್ಲ. ಅದನ್ನು ಮುದ್ರಿಸಿದವರೂ ಅಂದು ಕೂಟದಲ್ಲಿ ಕುಳಿತು ಕೇಳಿದವರೂ ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ, ಕೂಟ ನಡೆದ ಸ್ಥಳ, ದಿನ, ಭಾಗವತರು, ಚೆಂಡೆ–ಮದ್ದಳೆಯವರು, ಅರ್ಥಧಾರಿಗಳ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಸೆಟ್ಟಿನ ಡಬ್ಬಿಯೊಳಗೆ ಇಡುವ ಕೆಲಸವನ್ನು ಅಂತಹ ಸಂಗ್ರಹವಿರುವ ಮನೆಯವರು ಈ ಮಳೆಗಾಲಕ್ಕೆ ಮುಂಚೆ ಮಾಡಿ ಮುಗಿಸಬೇಕು.